ಹಳೆಯ ಫೋಟೊದಲ್ಲಿರುವ ವಿಮಾನ ಬಾಂಬು ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಯುದ್ಧಕಾಲದ ಫೋಟೊಗಳು ಇವತ್ತಿಗೂ ಇವೆ. ಖಾಕಿ ಚಡ್ಡಿ ತೊಟ್ಟ ತಾತ, ಹಿಂದೆ ಒಂದು ವಿಮಾನದ ರೆಕ್ಕೆ, ಕಾಲಬುಡದಲ್ಲಿ ಒಂದು ಬಾಂಬು. ತಾತನ ಗುರುತು ಮನೆಯವರಿಗೆಲ್ಲ ಗೊತ್ತು, ಬಾಂಬಿನ ಗುರುತು ಯಾರಿಗೂ ಗೊತ್ತಿರುವುದಿಲ್ಲ. ಆದರೆ ತಾತ ಯಾವ ದೇಶದ ವಿಮಾನದಳದ ಜೊತೆ ಇದ್ದರು, ಸುಮಾರು ಯಾವ ವರ್ಷ ಅನ್ನುವುದಕ್ಕೆ ಆ ಬಾಂಬೇ ಒಂದು ಎಳೆ. ಹಲವು ವರ್ಷಗಳಿಂದ ಮೈಸೂರಿನಲ್ಲಿ ಕೂತು ಇಂಥ ಫೋಟೊಗಳನ್ನು ಭೂತಗನ್ನಡಿ ಹಿಡಿದು ನೋಡುತ್ತ ಬಂದಿದ್ದೇನೆ. ಫೋಟೊ ತಂದವರು ತಿರುತಿರುಗಿ ಕೇಳಿದ ಪ್ರಶ್ನೆಗಳನ್ನು, ನಾನು ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ನಮ್ಮ ಕಡೆ ಬಾಂಬೇ ಬಿದ್ದಿಲ್ಲ. ಇಂಥ ಫೋಟೊ ನಮ್ಮ ಮನೆಗೆ ಹೇಗೆ ಬಂತು?

ಬಾಂಬು ಬಿದ್ದದ್ದು ವಿಶಾಖಪಟ್ಟಣ, ಕಾಕಿನಾಡದ ಮೇಲೆ, 1942ರ ಏಪ್ರಿಲ್ 6ರಂದು. ಅದೇ ವರ್ಷದ ಡಿಸೆಂಬರಿನಿಂದ ಕೋಲ್ಕತ್ತದ ಮೇಲೆ. ಮೈಸೂರಿಗೆ ಬರಲಿಲ್ಲ. ಆದರೆ ನಮ್ಮ ಜನ ಬಾಂಬಿದ್ದ ಜಾಗಕ್ಕೆ ಹೋಗಿದ್ದರು. ಮೈಸೂರು ಸಂಸ್ಥಾನದ ಕಾಲ್ದಳ ಮಲಯ, ಸಿಂಗಪುರದ ಕಡೆ ಹೋಗಿತ್ತು. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಬಿದ್ದಾಗ ಅಲ್ಲೇ ಸೆರೆ ಸಿಕ್ಕಿತು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿದವರು ಉತ್ತರ ಆಫ್ರಿಕಾ, ಇಟಲಿ, ಬರ್ಮಾ ಎಲ್ಲ ಕಡೆ ಇದ್ದರು.

ಇನ್ನೊಂದು ದಾರಿ ಬೆಂಗಳೂರಿನದು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. 1943ರ ಹೊತ್ತಿಗೆ ಅದು ಅಮೆರಿಕನ್ ವಿಮಾನದಳದ ದೊಡ್ಡ ರಿಪೇರಿ ಕೇಂದ್ರವಾಗಿತ್ತು. ನಮ್ಮ ಜಿಲ್ಲೆಗಳಿಂದಲೂ ಫಿಟ್ಟರು, ಬಡಗಿ, ಗುಮಾಸ್ತರಾಗಿ ಹೋದವರಿದ್ದರು. ಅಂಥವರ ಮನೆಯ ಆಲ್ಬಮ್ಮುಗಳಲ್ಲಿ ಅಮೆರಿಕನ್ ಸೈನಿಕರು ತೆಗೆದು ಕೊಟ್ಟ ಪ್ರಿಂಟುಗಳನ್ನು ನೋಡಿದ್ದೇನೆ. ಆದ್ದರಿಂದ ಫೋಟೊ ಕೈಗೆ ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ ಬಾಂಬಿನ ಬಗ್ಗೆ ಇರುವುದಿಲ್ಲ. ಇವರು ಯಾವ ಕೆಲಸದಲ್ಲಿದ್ದರು, ಎಲ್ಲಿಂದ ಕಾಗದ ಬರೆಯುತ್ತಿದ್ದರು ಅಂತ ಕೇಳುತ್ತೇನೆ.

ಬಾಂಬಿನಲ್ಲಿ ಮೊದಲು ಏನನ್ನು ನೋಡಬೇಕು?

ಬಾಲವನ್ನು. ಎಲ್ಲರೂ ಮೂತಿ ನೋಡುತ್ತಾರೆ, ಆದರೆ ಮೂತಿ ಮೋಸ ಮಾಡುತ್ತದೆ. ಮುಕ್ಕಾಲು ಪಾಲು ಬಾಂಬುಗಳ ಮೂತಿ ಒಂದೇ ತರಹ ಗುಂಡಗಿರುತ್ತದೆ. ಬಾಲ ಹಾಗಲ್ಲ, ಒಂದೊಂದು ದೇಶಕ್ಕೆ ಒಂದೊಂದು ಪದ್ಧತಿ.

ಬಾಲದ ತುದಿಯಲ್ಲಿ ತಗಡಿನ ಚೌಕ ಪೆಟ್ಟಿಗೆ ಕಂಡರೆ, ಅಂದರೆ ನಾಲ್ಕು ಗರಿಗಳು ಮಡಿಸಿ ಒಂದಕ್ಕೊಂದು ಕೂಡಿ ಚೌಕಟ್ಟು ಕಟ್ಟಿದ್ದರೆ, ಅದು ಬಹುಮಟ್ಟಿಗೆ ಅಮೆರಿಕನ್. ಉದ್ದನೆಯ ತಗಡಿನ ಶಂಕು, ಅದರ ತುದಿಗೆ ದುಂಡನೆಯ ಬಳೆ ಅಥವಾ ತಳವಿಲ್ಲದ ಡಬ್ಬದಂಥದ್ದು ಇದ್ದರೆ ಬ್ರಿಟಿಷ್. ಜರ್ಮನ್ ಬಾಂಬಿಗೆ ಶಂಕುವಿನ ಮೇಲೆ ನಾಲ್ಕು ಅಗಲ ಗರಿ, ಅವುಗಳ ನಡುವೆ ಅಡ್ಡಪಟ್ಟಿ ಅಥವಾ ಬಳೆ. ಜಪಾನಿನದಕ್ಕೂ ಶಂಕು ಮತ್ತು ನಾಲ್ಕು ಗರಿ, ಗರಿಗಳ ನಡುವೆ ಕಡ್ಡಿಯಂಥ ಆಧಾರ.

ಎರಡನೆಯದು ಮೈಕಟ್ಟು. ಬಾಲವೂ ಸೇರಿ ಉದ್ದ ಎಷ್ಟು, ದಪ್ಪ ಎಷ್ಟು ಅಂತ ಫೋಟೊ ಮೇಲೆ ಸ್ಕೇಲಿಟ್ಟು ಅಳೆಯಿರಿ. ಬ್ರಿಟಿಷ್ 250, 500 ಪೌಂಡಿನ ಸಾಮಾನ್ಯ ಬಾಂಬುಗಳ ಉದ್ದ ದಪ್ಪದ ಸುಮಾರು ಐದೂವರೆ ಪಟ್ಟು. ಅಮೆರಿಕನ್ 250, 500 ಪೌಂಡಿನವು ನಾಲ್ಕೂಕಾಲರ ಆಸುಪಾಸು. ಒಂದು ಸಪೂರ, ಇನ್ನೊಂದು ಕುಳ್ಳ. ಹತ್ತಿಪ್ಪತ್ತು ಫೋಟೊ ನೋಡಿದ ಮೇಲೆ ಸ್ಕೇಲೂ ಬೇಡ, ಕಣ್ಣಿಗೇ ಗೊತ್ತಾಗುತ್ತದೆ. ಬಾಂಬು ಕ್ಯಾಮೆರಾ ಕಡೆ ಮೂತಿ ಮಾಡಿ ಮಲಗಿದ್ದರೆ ಮಾತ್ರ ಈ ಲೆಕ್ಕ ಉಪಯೋಗವಿಲ್ಲ. ಅಡ್ಡಕ್ಕೆ ಕಾಣುವ ಫೋಟೊದಲ್ಲಷ್ಟೇ ಅಳೆಯಿರಿ.

ಬಾಲವೇ ಇಲ್ಲದ ಬಾಂಬುಗಳ ರಾಶಿ ಕಂಡರೆ ಗಾಬರಿ ಬೇಡ. ಗೋದಾಮಿನಲ್ಲಿ, ರೈಲ್ವೆ ಯಾರ್ಡಿನಲ್ಲಿ ಬಾಲವನ್ನು ಬೇರೆ ಇಡುತ್ತಿದ್ದರು. ಅಮೆರಿಕನ್ ಬಾಂಬಿನ ಹೊಟ್ಟೆಗೆ ಎರಡು ದಪ್ಪ ಬಳೆ ಹಾಕಿ, ಪೀಪಾಯಿ ಹಾಗೆ ನೆಲದ ಮೇಲೆ ಉರುಳಿಸಿಕೊಂಡು ಹೋಗುತ್ತಿದ್ದರು. ಆ ಬಳೆಗಳು ಸಾಗಣೆಗೆ ಮಾತ್ರ, ವಿಮಾನಕ್ಕೆ ಏರಿಸುವ ಮುಂಚೆ ಬಿಚ್ಚುತ್ತಿದ್ದರು.

ಬೆನ್ನ ಮೇಲಿನ ಕೊಕ್ಕೆ ನೋಡಿ ದೇಶ ಹೇಳಬಹುದಾ?

ಹೇಳಬಹುದು, ಆದರೆ ಜೋಪಾನ. ಬ್ರಿಟಿಷ್ ಬಾಂಬಿಗೆ ತೂಗುಹಾಕಲು ನಡುವೆ ಒಂದೇ ಕಿವಿ. ಅಮೆರಿಕನ್ 100ರಿಂದ 1,000 ಪೌಂಡಿನವಕ್ಕೆ 14 ಇಂಚು ದೂರದಲ್ಲಿ ಎರಡು ಕಿವಿ. ಎರಡು ಕಿವಿ ಕಂಡರೆ ಅಮೆರಿಕನ್ ಅನ್ನಲು ಧೈರ್ಯ ಬರುತ್ತದೆ. ಆದರೆ ಒಂದೇ ಕಿವಿ ಕಂಡ ಮಾತ್ರಕ್ಕೆ ಬ್ರಿಟಿಷ್ ಅನ್ನಬೇಡಿ. ಅಮೆರಿಕನ್ನರು ಅದೇ ಬಾಂಬಿನ ಇನ್ನೊಂದು ಮಗ್ಗುಲಿಗೆ ಒಂಟಿ ಕಿವಿಯನ್ನೂ ಇಟ್ಟಿದ್ದರು, ಬ್ರಿಟಿಷ್ ವಿಮಾನಕ್ಕೂ ನೇತುಹಾಕಲು ಆಗಲಿ ಅಂತ. ಆ ಮಗ್ಗುಲು ಮೇಲಾಗಿ ಬಿದ್ದಿದ್ದರೆ ಫೋಟೊದಲ್ಲಿ ಕಾಣುವುದು ಒಂದೇ ಕಿವಿ.

ತೂಕ ಹೇಗೆ ಹೇಳುತ್ತೀರಿ?

ದಪ್ಪದಿಂದ. ಅಮೆರಿಕನ್ ಬಾಂಬುಗಳಲ್ಲಿ ಇದು ಬಹಳ ಸಲೀಸು: 100 ಪೌಂಡಿನದು ಸುಮಾರು 8 ಇಂಚು ದಪ್ಪ, 250ರದು 11, 500ರದು 14, 1,000ದ್ದು 19, 2,000ದ್ದು 23 ಇಂಚು. ಬ್ರಿಟಿಷ್ 250 ಪೌಂಡಿನದು 10 ಇಂಚಿನ ಮೇಲೆ ಚೂರು, 500ರದು 13ಕ್ಕೆ ಕೂದಲೆಳೆ ಕಡಿಮೆ, 1,000 ಪೌಂಡಿನ ಮಧ್ಯಮ ಸಾಮರ್ಥ್ಯದ್ದು (ತೂಕದ ಸುಮಾರು ಅರ್ಧ ಮದ್ದಿರುವ ಜಾತಿ) 18ಕ್ಕೆ ಹತ್ತಿರ. 500 ಪೌಂಡು ಅಂದರೆ 227 ಕಿಲೊ, ಎರಡು ದೊಡ್ಡ ರಾಗಿ ಮೂಟೆಗಿಂತ ಜಾಸ್ತಿ.

ಫೋಟೊದಲ್ಲಿ ಇಂಚು ಎಲ್ಲಿಂದ ತರುವುದು ಅಂತ ಕೇಳುತ್ತಾರೆ. ಪಾಂಡವಪುರದ ಕಡೆಯ ಒಬ್ಬ ಹುಡುಗ ತಂದ ಫೋಟೊ ಹೇಳುತ್ತೇನೆ. ಅಂಗೈಯಗಲದ ಪ್ರಿಂಟು, ಅಂಚು ಗರಗಸದ ಹಲ್ಲಿನ ಹಾಗೆ ಕತ್ತರಿಸಿದ್ದು, ಒಂದು ಮೂಲೆ ಗೆದ್ದಲು ತಿಂದಿತ್ತು. ಮುತ್ತಾತ ಕುಕ್ಕರಗಾಲಲ್ಲಿ ಕೂತು ಬಾಂಬಿನ ಪಕ್ಕೆಗೆ ಬಲಗೈ ಊರಿದ್ದಾರೆ, ಬೆರಳುಗಳು ಜೋಡಿಕೊಂಡಿವೆ. ಕೈ ಬಾಂಬಿಗೆ ತಾಗಿಕೊಂಡೇ ಇರುವುದರಿಂದ ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿವೆ. ಅಳತೆಗೆ ಬೇಕಾದ್ದು ಅಷ್ಟೇ. ಭೂತಗನ್ನಡಿ ಕೆಳಗೆ ನಾಲ್ಕು ಬೆರಳಿನ ಅಗಲ 4 ಮಿಲಿಮೀಟರು, ಬಾಂಬಿನ ದಪ್ಪ 17. ಗಂಡಸಿನ ನಾಲ್ಕು ಬೆರಳಿನ ಅಗಲ ಸುಮಾರು ಮೂರೂಕಾಲು ಇಂಚು ಅಂತ ಹಿಡಿದರೆ ಬಾಂಬು 14 ಇಂಚಿನ ಹತ್ತಿರ ಬಂತು. ಬಾಲ ಚೌಕ ಪೆಟ್ಟಿಗೆ. ಬೆನ್ನ ಮೇಲೆ ಒಂದೇ ಕಿವಿ. 500 ಪೌಂಡಿನ ಅಮೆರಿಕನ್ ಬಾಂಬು, ಒಂಟಿ ಕಿವಿಯ ಮಗ್ಗುಲು ಮೇಲೆ. "ಬರ್ಮಾದಲ್ಲಿ ಇಂಗ್ಲಿಷರ ಬಾಂಬು" ಅಂತ ಮನೆಯಲ್ಲಿ ಹೇಳಿಕೊಂಡು ಬಂದಿದ್ದರಂತೆ. ಬರ್ಮಾ ಅನ್ನುವುದು ನಿಜವಿರಬಹುದು, ಬಾಂಬು ಮಾತ್ರ ಇಂಗ್ಲಿಷರದಲ್ಲ.

ಹಿಂದೆ ದೂರದಲ್ಲಿ ನಿಂತವರ ಎತ್ತರದಿಂದ ಮಾತ್ರ ಅಳೆಯಬೇಡಿ. ಎರಡು ಮೂರು ಗಜ ಹಿಂದಿದ್ದರೂ ಲೆಕ್ಕ ಕೆಡುತ್ತದೆ.

ಬಾಂಬಿನ ಮೇಲೆ ಪಟ್ಟಿಗಳಿವೆ. ಕಪ್ಪು ಬಿಳುಪಿನಲ್ಲಿ ಬಣ್ಣ ಗೊತ್ತಾಗುತ್ತಾ?

ಪಟ್ಟಿ ಎಲ್ಲಿದೆ, ಎಷ್ಟಿದೆ ಅನ್ನುವುದು ಗೊತ್ತಾಗುತ್ತದೆ. ಬಣ್ಣವನ್ನು ಊಹಿಸಬಾರದು. ಕಾರಣ ಫಿಲ್ಮಿನಲ್ಲಿದೆ. ಆ ಕಾಲದಲ್ಲಿ ಆರ್ಥೊಕ್ರೊಮ್ಯಾಟಿಕ್ ಅನ್ನುವ ಫಿಲ್ಮು ಇನ್ನೂ ಬಳಕೆಯಲ್ಲಿತ್ತು. ಅದಕ್ಕೆ ಕೆಂಪು ಕಾಣುವುದೇ ಇಲ್ಲ. ಕೆಂಪು ಕಪ್ಪಾಗಿ ಬರುತ್ತದೆ, ಹಳದಿ ಮಂಕಾಗಿ ಕಪ್ಪಿನ ಕಡೆಗೆ ವಾಲುತ್ತದೆ, ನೀಲಿ ಬೆಳ್ಳಗಾಗುತ್ತದೆ. ಜನಸಾಮಾನ್ಯರು ಕೊಳ್ಳುತ್ತಿದ್ದ ಕೊಡಾಕ್ ವೆರಿಕ್ರೋಮ್ 1956ರವರೆಗೂ ಇದೇ ಜಾತಿಯದು. ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಾದರೆ ಅದೇ ಹಳದಿ ತಿಳಿಯಾಗಿ ಕಾಣುತ್ತದೆ. ಒಂದೇ ಬಾಂಬು ಎರಡು ಕ್ಯಾಮೆರಾದಲ್ಲಿ ಎರಡು ಬಾಂಬಿನ ಹಾಗೆ ಕಂಡೀತು.

ಫಿಲ್ಮು ಯಾವುದು ಅಂತ ತಿಳಿಯಲು ಒಂದು ಉಪಾಯವಿದೆ. ಅದೇ ಫೋಟೊದಲ್ಲಿ ಬಣ್ಣ ಗೊತ್ತಿರುವ ಇನ್ನೊಂದು ವಸ್ತುವನ್ನು ಹುಡುಕಿ. ಬಹಳಷ್ಟು ಬ್ರಿಟಿಷ್ ವಿಮಾನಗಳ ಪಕ್ಕದ ಮೇಲಿನ ವೃತ್ತಕ್ಕೆ ಹೊರಗಡೆ ಹಳದಿ ಬಳೆ ಇರುತ್ತಿತ್ತು. ಅದು ಕಪ್ಪಾಗಿ ಕಂಡರೆ ಫಿಲ್ಮು ಆರ್ಥೊ ಅಂತ ಹಿಡಿಯಬಹುದು.

ಪಟ್ಟಿಗಳ ಅರ್ಥ ಹೀಗೆ. ಅಮೆರಿಕನ್ನರು ಮೊದಮೊದಲು ಬಾಂಬಿಗೆ ಪೂರ್ತಿ ಹಳದಿ ಬಳಿಯುತ್ತಿದ್ದರು. ಆಮೇಲೆ ಮೈಗೆ ಮಾಸಲು ಹಸಿರು, ಮೂತಿಗೂ ಬುಡಕ್ಕೂ ಹಳದಿ ಪಟ್ಟಿ. ಬ್ರಿಟಿಷರೂ ಹಳದಿಯಿಂದ ಗಾಢ ಹಸಿರಿಗೆ ಬಂದರು. ಅವರದರಲ್ಲಿ ಮೂತಿಯ ಹತ್ತಿರದ ಕೆಂಪು ಪಟ್ಟಿ ಅಂದರೆ ಒಳಗೆ ಮದ್ದು ತುಂಬಿದೆ ಅಂತ. ಜರ್ಮನ್ನರು ಬಾಲದ ಶಂಕುವಿನ ಮೇಲೆ ಪಟ್ಟಿ ಎಳೆಯುತ್ತಿದ್ದರು: ತೆಳು ಗೋಡೆಯ ಸಾಮಾನ್ಯ ಬಾಂಬಿಗೆ ಹಳದಿ, ದಪ್ಪ ಗೋಡೆಯದಕ್ಕೆ ಕೆಂಪು, ಉಕ್ಕಿನ ಕವಚ ಭೇದಿಸುವುದಕ್ಕೆ ನೀಲಿ.

ಸೀಮೆಸುಣ್ಣದಲ್ಲಿ ಬರೆದ ಹೆಸರು, ಬೈಗುಳ, ಶುಭಾಶಯ ಇದ್ದರೆ ಅದನ್ನು ಅಕ್ಷರ ಬಿಡದೆ ಓದಿ. ಬಾಂಬಿನ ಜಾತಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಹಬ್ಬದ ಹೆಸರೋ ತಾರೀಕೋ ಸಿಕ್ಕರೆ ಫೋಟೊದ ಕಾಲ ಸಿಕ್ಕ ಹಾಗೆ.

ಮೂತಿಯಲ್ಲಿ ಚಿಕ್ಕ ಫ್ಯಾನಿನಂಥದ್ದು ಇದೆ. ಅದೇನು?

ಅದು ಫ್ಯೂಸಿನ, ಅಂದರೆ ಬಾಂಬನ್ನು ಸಿಡಿಸುವ ಸಾಧನದ, ಪಂಖ. ಬಾಂಬು ವಿಮಾನದಿಂದ ಕಳಚಿಕೊಂಡು ಬೀಳುವಾಗ ಗಾಳಿಗೆ ತಿರುಗಿ ತಿರುಗಿ ಫ್ಯೂಸನ್ನು ಸಿದ್ಧ ಮಾಡುತ್ತದೆ. ವಿಮಾನದಲ್ಲಿರುವಾಗ ತಿರುಗದಂತೆ ಒಂದು ತಂತಿ ಅದನ್ನು ಹಿಡಿದಿಟ್ಟಿರುತ್ತದೆ. ಬಾಂಬು ಕಳಚಿದಾಗ ತಂತಿ ವಿಮಾನದಲ್ಲೇ ಉಳಿಯುತ್ತದೆ. ಸ್ಪಷ್ಟ ಫೋಟೊಗಳಲ್ಲಿ ಆ ತಂತಿಯೂ ಕಾಣುತ್ತದೆ. ಪಂಖ, ತಂತಿ ಎರಡೂ ಇದ್ದರೆ ಬಾಂಬು ಹಾರಾಟಕ್ಕೆ ತಯಾರಾಗಿತ್ತು ಅಂತ ತಿಳಿಯಬಹುದು. ಮೂತಿಯಲ್ಲಿ ಬರೀ ಬಿರಡೆ ಇದ್ದರೆ ಫ್ಯೂಸು ಇನ್ನೂ ಹಾಕಿಲ್ಲ, ಅಥವಾ ಫ್ಯೂಸು ಬಾಲದ ಕಡೆ ಮಾತ್ರ ಇದೆ.

ಜರ್ಮನ್ ಬಾಂಬಿಗೆ ಮೂತಿಯಲ್ಲಿ ಪಂಖ ಹುಡುಕಬೇಡಿ. ಅವರ ವಿದ್ಯುತ್ ಫ್ಯೂಸು ಹೊಟ್ಟೆಯ ಪಕ್ಕದಲ್ಲಿ, ದೊಡ್ಡ ಗುಂಡಿಯಷ್ಟು ಅಗಲದ ದುಂಡು ಬಿಲ್ಲೆಯಾಗಿ ಕಾಣುತ್ತದೆ. ಮೂತಿಯ ಸುತ್ತ ದಪ್ಪ ಬಳೆ ಇದ್ದರೆ ಅದೂ ಜರ್ಮನ್ ಗುರುತೇ, ಬಾಂಬು ನೆಲದೊಳಗೆ ಆಳಕ್ಕೆ ಹೂತುಹೋಗದಿರಲಿ ಅಂತ ಬೆಸೆದದ್ದು. ಉತ್ತರ ಆಫ್ರಿಕಾದಲ್ಲಿದ್ದ ಸ್ಯಾಪರ್‌ಗಳ ಆಲ್ಬಮ್ಮಿನಲ್ಲಿ ಇವು ಸಿಗುತ್ತವೆ. ಅಲ್ಲೇ ಕಾಫಿ ಫ್ಲಾಸ್ಕಿನ ಗಾತ್ರದ, ಫ್ಲಾಸ್ಕಿನದೇ ಆಕಾರದ ವಸ್ತು ಮರಳಿನ ಮೇಲೆ ಬಿದ್ದಿದ್ದರೆ ಅದು ಇಟಲಿಯ ಥರ್ಮಾಸ್ ಬಾಂಬು. ಬಿದ್ದಾಗ ಸಿಡಿಯದೆ, ಆಮೇಲೆ ಮುಟ್ಟಿದವರನ್ನು ಕೊಲ್ಲುವಂಥದ್ದು.

ಜಪಾನಿ ಬಾಂಬಿನ ಮೇಲಿನ ಅಂಕಿಗೆ ಏನರ್ಥ?

ಜಪಾನಿ ನೌಕಾಪಡೆ ತೂಕವನ್ನು ಹತ್ತು ಹತ್ತು ಕಿಲೊ ಲೆಕ್ಕದಲ್ಲಿ ಹೇಳುತ್ತಿತ್ತು. 6ನೇ ನಂಬರು ಅಂದರೆ 60 ಕಿಲೊ, 25 ಅಂದರೆ 250, 80 ಅಂದರೆ 800 ಕಿಲೊ. ಪರ್ಲ್ ಹಾರ್ಬರಿನಲ್ಲಿ ಹಾಕಿದ 800 ಕಿಲೊ ಕವಚಭೇದಿ ಬಾಂಬುಗಳು ಯುದ್ಧನೌಕೆಯ ಫಿರಂಗಿ ಗುಂಡುಗಳನ್ನೇ ತಿದ್ದಿ, ಬಾಲ ಜೋಡಿಸಿ ಮಾಡಿದವು. ಫಿರಂಗಿ ಗುಂಡಿಗೆ ಬಾಲ ಹಚ್ಚಿದ ಹಾಗೆ ಕಂಡರೆ ನಿಮ್ಮ ಕಣ್ಣು ತಪ್ಪಿಲ್ಲ.

ಇದು ಬಾಂಬೇ ಹೌದಾ?

ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ, ಕೇಳುವವರು ಕಡಿಮೆ. ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಮದ್ದೂರಿನ ಕಡೆಯ ಒಂದು ಮನೆಯವರಿಗೆ, ಅವರ ಅಜ್ಜ ಒರಗಿ ನಿಂತಿದ್ದ ವಸ್ತು 1,000 ಪೌಂಡಿನ ಬಾಂಬು ಅಂತ ಹೇಳಿದೆ. ಅವರು ಅದನ್ನು ಚೌಕಟ್ಟು ಹಾಕಿಸಿ, ಕೆಳಗೆ ಬರೆಸಿ, ನಡುಮನೆಯಲ್ಲಿ ತೂಗುಹಾಕಿದರು. ವರ್ಷದ ಮೇಲೆ ಅದೇ ಫೋಟೊದ ಒಳ್ಳೆಯ ಸ್ಕ್ಯಾನು ಸಿಕ್ಕಿತು. ಮೈಯುದ್ದಕ್ಕೂ ಬೆಸುಗೆಯ ಗೆರೆ, ಮೇಲೆ ಪೆಟ್ರೋಲು ತುಂಬುವ ಮುಚ್ಚಳ, ಬಾಲದಲ್ಲಿ ಒಂದು ಗರಿಯೂ ಇಲ್ಲ. ಅದು ವಿಮಾನದ ಹೊಟ್ಟೆಯಡಿ ಕಟ್ಟುವ, ಖಾಲಿಯಾದ ಮೇಲೆ ಕಳಚಿ ಬಿಸಾಡುವ ಪೆಟ್ರೋಲ್ ಟ್ಯಾಂಕು. ಮತ್ತೆ ಹೋಗಿ ಹೇಳಿದೆ. ಮನೆಯ ಯಜಮಾನರು ಏನೂ ಅನ್ನದೆ ಚೌಕಟ್ಟು ಇಳಿಸಿದರು. ಅವತ್ತಿನಿಂದ ಗರಿ ಕಾಣದೆ ಬಾಂಬು ಅನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ.

ಹೀಗೇ ತಪ್ಪಾಗಿ ಗುರುತಿಸುವ ಬೇರೆ ವಸ್ತುಗಳೂ ಇವೆ. ಹಿಂದುಗಡೆ ಪ್ರೊಪೆಲ್ಲರ್ ಇದ್ದರೆ ಟಾರ್ಪೆಡೊ. ಡ್ರಮ್ಮಿನಂತೆ ಮೂತಿ ಚಪ್ಪಟೆ ಇದ್ದು, ಜೊತೆಗೆ ಕ್ಯಾಟಲಿನಾದಂಥ ಸಮುದ್ರವಿಮಾನ ಕಂಡರೆ ಜಲಾಂತರ್ಗಾಮಿಗೆ ಹಾಕುವ ಡೆಪ್ತ್ ಚಾರ್ಜ್. ಒಂದೇ ಕೈಯಲ್ಲಿ ಎತ್ತಿ ಹಿಡಿದಿರುವ ಬಿಳಿ ಪುಟ್ಟ ಬಾಂಬು ಬ್ರಿಟಿಷರ ಅಭ್ಯಾಸದ ಬಾಂಬು, ಬಿದ್ದ ಕಡೆ ಹೊಗೆ ಬಿಡುವುದಷ್ಟೇ ಅದರ ಕೆಲಸ. ಮೊಳಕ್ಕೂ ಸ್ವಲ್ಪ ಉದ್ದದ ಆರು ಮೂಲೆಯ ಕೋಲುಗಳ ಕಂತೆ ಇದ್ದರೆ ಅದು ನಿಜವಾದ ಅಸ್ತ್ರವೇ: ಬ್ರಿಟಿಷರ 4 ಪೌಂಡಿನ ಬೆಂಕಿ ಬಾಂಬು, ಮೆಗ್ನೀಸಿಯಂ ಮೈಯದು.

ಈ ದೊಡ್ಡ ಬಾಂಬು ಅಣುಬಾಂಬಾ?

ಇಲ್ಲ. ಹಿರೋಷಿಮಾ, ನಾಗಸಾಕಿಯ ಬಾಂಬುಗಳ ಚಿತ್ರವನ್ನೇ ಅಮೆರಿಕ 1960ರವರೆಗೆ ಹೊರಗೆ ಬಿಡಲಿಲ್ಲ. ಯುದ್ಧಕಾಲದ ಮನೆ ಆಲ್ಬಮ್ಮಿನಲ್ಲಿ ಅದು ಇರುವುದು ಸಾಧ್ಯವಿಲ್ಲ. ಅಣುಬಾಂಬು ಅಂತ ನನ್ನ ಹತ್ತಿರ ಬರುವುದು ಬಹುಪಾಲು ಬ್ರಿಟಿಷರ 4,000 ಪೌಂಡಿನ "ಕುಕಿ". ಆಲೆಮನೆಯ ಅಂಗಳದಲ್ಲಿ ಮಲಗಿಸಿದ ಬಾಯ್ಲರಿನ ಹಾಗೆ ಇರುತ್ತದೆ, 30 ಇಂಚು ದಪ್ಪ, ತೆಳು ತಗಡಿನ ಮೈ, ತೂಕದ ಮುಕ್ಕಾಲು ಪಾಲು ಬರೀ ಮದ್ದು. ಚೂಪು ಮೂತಿಯ, ನುಣುಪು ಮೈಯ, ಆಳೆತ್ತರದ ಮೂರೂವರೆ ಪಟ್ಟು ಉದ್ದದ್ದಾದರೆ ಟಾಲ್‌ಬಾಯ್: 12,000 ಪೌಂಡು, 21 ಅಡಿ. ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆಯನ್ನು 1944ರ ನವೆಂಬರ್ 12ರಂದು ಮಗುಚಿದ್ದು ಇದೇ. ಅದು ಯೂರೋಪಿನ ಫೋಟೊ, ಪತ್ರಿಕೆಯಿಂದಲೋ ಪ್ರಚಾರದ ಕಾರ್ಡಿನಿಂದಲೋ ಬಂದಿರುತ್ತದೆ. ಪ್ರಿಂಟಿನ ಮೇಲೆ ಮುದ್ರಣದ ಚುಕ್ಕಿಗಳಿವೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ.

ಮೈಸೂರು ಲ್ಯಾನ್ಸರ್ಸ್ ಕಾಲದ ಫೋಟೊ ಇದೆ. ಅದಕ್ಕೂ ಇದೇ ಗುರುತುಗಳಾ?

ಇವಲ್ಲ. ಮೈಸೂರು ಸಂಸ್ಥಾನದ ಕುದುರೆ ದಳವಾದ ಲ್ಯಾನ್ಸರ್ಸ್ ಈಗಿನ ಇಸ್ರೇಲಿನ ಹೈಫಾ ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದಲ್ಲಿ. ಅದಕ್ಕೆ ಎರಡು ದಿನ ಮುಂಚೆ, ಹಿಮ್ಮೆಟ್ಟುತ್ತಿದ್ದ ತುರ್ಕಿ ಸೇನೆಯ ಮೇಲೆ ಬ್ರಿಟಿಷ್ ವಿಮಾನಗಳು ವಾದಿ ಫಾರಾ ಕಣಿವೆಯಲ್ಲಿ ಬಾಂಬು ಸುರಿದವು. ಆ ಕಾಲದ ಬಾಂಬುಗಳು ಚಿಕ್ಕವು. ಬ್ರಿಟಿಷರ ಕೂಪರ್ ಬಾಂಬು 20 ಪೌಂಡು ಮಾತ್ರ, ಕಂಕುಳಲ್ಲಿ ಹಿಡಿದುಕೊಂಡು ಹೋಗುವಷ್ಟು. ಜರ್ಮನ್ನರ ಮೊದಲ ಬಾಂಬುಗಳು ಸೀಬೆಹಣ್ಣಿನ ಆಕಾರದವು, ಆಮೇಲಿನವು ಓರೆ ಗರಿಯ ಸಪೂರ ಮೈಯವು, ಬೀಳುವಾಗ ಬುಗುರಿಯಂತೆ ತಿರುಗಲಿ ಅಂತ.

1965, 1971ರ ಫೋಟೊಗಳು?

ಆಗಲೂ ನಮ್ಮ ಕ್ಯಾನ್‌ಬೆರಾ ಬಾಂಬರ್ ವಿಮಾನಗಳು ಹಾಕಿದ್ದು ಬ್ರಿಟಿಷ್ ವಂಶದ 1,000 ಪೌಂಡಿನ ಬಾಂಬು. 1971ರ ಹೊತ್ತಿಗೆ ರಷ್ಯದ 500 ಕಿಲೊ ಬಾಂಬುಗಳೂ ಬಂದಿದ್ದವು. ಢಾಕಾದ ತೇಜಗಾಂವ್ ರನ್‌ವೇ ಒಡೆದ ಮಿಗ್-21ಗಳು ಅವನ್ನೇ ಒಯ್ದಿದ್ದು. ಜೆಟ್ಟಿನ ವೇಗಕ್ಕೆ ತಕ್ಕಂತೆ ನೀಳವಾದ ಮೈ, ಹಳೆಯ ಬಾಂಬಿನ ಪಕ್ಕ ಇಟ್ಟರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಫೋಟೊ ಜೊತೆ ಟ್ರಂಕಿನಲ್ಲಿ ಒಂದು ಕಬ್ಬಿಣದ ವಸ್ತುವೂ ಇದೆ. ತರಲಾ?

ದಯವಿಟ್ಟು ಬೇಡ. ಮುಟ್ಟಬೇಡಿ, ತುಕ್ಕು ಉಜ್ಜಬೇಡಿ, ಬಿಸಿಲಿಗೆ ಇಡಬೇಡಿ, ಬೈಕಿನಲ್ಲಿ ಕಟ್ಟಿಕೊಂಡು ಮೈಸೂರಿಗೆ ಬರಬೇಡಿ. ಮನೆಯವರನ್ನು ಆಚೆ ಕಳಿಸಿ 112ಕ್ಕೆ ಫೋನ್ ಮಾಡಿ. ಮದ್ದು ಎಂಬತ್ತು ವರ್ಷವಾದರೂ ಸಾಯುವುದಿಲ್ಲ, ಫ್ಯೂಸು ವಯಸ್ಸಾದಷ್ಟೂ ಸೂಕ್ಷ್ಮವಾಗಬಹುದು. ಜರ್ಮನಿಯಲ್ಲಿ ಇವತ್ತಿಗೂ ಪ್ರತಿವರ್ಷ ಆ ಕಾಲದ ಬಾಂಬುಗಳು ಸಿಗುತ್ತಲೇ ಇವೆ. ಗುರುತು ಹಿಡಿಯುವುದಕ್ಕೆ ದೂರದಿಂದ ತೆಗೆದ ಒಂದು ಫೋಟೊ ಸಾಕು, ಅದನ್ನೂ ಪೊಲೀಸರು ಹೇಳಿದ ಮೇಲೆ.

ಫೋಟೊವನ್ನು ಹೇಗೆ ತರಬೇಕು, ಏನು ಬರೆದಿಡಬೇಕು?

ಆಲ್ಬಮ್ಮಿನಿಂದ ಕಿತ್ತು ತರಬೇಡಿ, ಪುಟದ ಸಮೇತ ತನ್ನಿ. ಪಕ್ಕದ ಫೋಟೊಗಳೂ ಮಾತಾಡುತ್ತವೆ. ಚಿಕ್ಕ ಪ್ರಿಂಟಾದರೆ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಬಿಡದೆ. ಮೊಬೈಲಿನಲ್ಲಿ ಫೋಟೊವನ್ನು ಸ್ಪಷ್ಟ ಮಾಡುವ ಆ್ಯಪುಗಳಿಗೆ ಹಾಕಿ ತರುವವರು ಈಗ ಹೆಚ್ಚಾಗಿದ್ದಾರೆ. ಆ ಆ್ಯಪುಗಳು ಇಲ್ಲದ ಗರಿಯನ್ನು ಬರೆಯುತ್ತವೆ, ಇರುವ ಕಿವಿಯನ್ನು ಅಳಿಸುತ್ತವೆ. ಮಸುಕಾಗಿದ್ದರೂ ಮೂಲವೇ ಬೇಕು.

ಗುರುತು ಸಿಕ್ಕ ಮೇಲೆ ಫೋಟೊದ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ. ಬೇರೆ ಕಾಗದದಲ್ಲಿ ಪೆನ್ಸಿಲಿನಿಂದ, ಮೂರು ವಿಷಯ ಬೇರೆ ಬೇರೆಯಾಗಿ: ಫೋಟೊದಲ್ಲಿ ಕಾಣುವುದು, ಮನೆಯವರು ಹೇಳುವುದು, ಅದರಿಂದ ನಾವು ಊಹಿಸಿದ್ದು. ಪಾಂಡವಪುರದ ಆ ಹುಡುಗ ಬರೆದದ್ದನ್ನು ಹಾಗೇ ಕೊಡುತ್ತೇನೆ: "ಚೌಕ ಬಾಲ, ಒಂದು ಕಿವಿ, ದಪ್ಪ ಸುಮಾರು 14 ಇಂಚು. ಮುತ್ತಾತ ಬರ್ಮಾದಲ್ಲಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಬಹುಶಃ ಅಮೆರಿಕನ್, 500 ಪೌಂಡು. ಹಿಂದೆ ನಿಂತ ಇಬ್ಬರು ಯಾರು ಅಂತ ಕೇಳಬೇಕು."